ಬಸಿರು, ಮದ್ಯ ಮತ್ತು ‘ಸ್ವಲ್ಪ’ದ ಲೆಕ್ಕ

ಬಸುರಿ ಹೆಂಗಸು ಮದ್ಯ ಕುಡಿಯಬಾರದು ಎಂಬ ಮಾತನ್ನು ನೇರವಾಗಿ ಅಲ್ಲಗಳೆಯುವವರು ಇಂದು ಕಡಿಮೆ. ಆದರೆ ಒಪ್ಪಿದ ಮರುಗಳಿಗೆಯಲ್ಲೇ ಅದಕ್ಕೊಂದು ‘ಆದರೆ’ ಅಂಟಿಕೊಳ್ಳುತ್ತದೆ. ದಿನಾ ಕುಡಿಯುವವರ ಮಾತು ಬೇರೆ. ಎಂದೋ ಒಮ್ಮೆ ಒಂದು ಲೋಟ ವೈನು, ಹಬ್ಬಕ್ಕೆ ಒಂದಿಷ್ಟು ಕಳ್ಳು, ಮದುವೆಯ ಸಂಭ್ರಮದಲ್ಲಿ ಅರ್ಧ ಗ್ಲಾಸ್ ಬಿಯರು, ಇಷ್ಟಕ್ಕೆಲ್ಲ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ ಎನ್ನುವುದು ಆ ‘ಆದರೆ’ಯ ತಿರುಳು. ನಗರದ ಓದಿಕೊಂಡವರಲ್ಲಿ ಈ ಮಾತು ಸಂಶೋಧನೆಗಳ ಹೆಸರು ಹೇಳಿಕೊಂಡು ಬರುತ್ತದೆ, ಕೆಲವು ಮನೆಗಳಲ್ಲಿ ಅಜ್ಜಿಯಂದಿರ ಅನುಭವದ ಹೆಸರು ಹೇಳಿಕೊಂಡು ಬರುತ್ತದೆ. ತೀರ್ಮಾನ ಮಾತ್ರ ಎರಡೂ ಕಡೆ ಒಂದೇ. ಇದನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಇದರಲ್ಲಿರುವ ದೋಷ ಸುಳ್ಳಿಗಿಂತ ಹೆಚ್ಚಾಗಿ ಗೊಂದಲದ್ದು. ಬೇರೆಬೇರೆಯಾಗಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಇದು ಒಂದಾಗಿ ಕಲಸಿಬಿಟ್ಟಿದೆ. ಅಲ್ಪ ಪ್ರಮಾಣದ ಮದ್ಯದಿಂದ ಹಾನಿಯಾಗುತ್ತದೆಂದು ಸಾಬೀತಾಗಿದೆಯೇ? ಹಾನಿಯಾಗುವುದಿಲ್ಲವೆಂದು ಸಾಬೀತಾಗಿದೆಯೇ? ಎರಡೂ ಖಚಿತವಿಲ್ಲದಾಗ ಏನು ಮಾಡುವುದು ವಿವೇಕ? ಮೊದಲನೆಯ ಪ್ರಶ್ನೆಗೆ ಸಿಗುವ ಅರೆಮನಸ್ಸಿನ ‘ಇಲ್ಲ’ವನ್ನೇ ಉಳಿದೆರಡಕ್ಕೂ ಉತ್ತರವೆಂದು ತಿಳಿಯುವುದರಿಂದ ಈ ನಂಬಿಕೆ ಹುಟ್ಟುತ್ತದೆ.

ಯಾವುದೇ ನಂಬಿಕೆಯನ್ನು ಅದರ ದುರ್ಬಲ ರೂಪದಲ್ಲಿ ಹಿಡಿದು ಸೋಲಿಸುವುದು ನ್ಯಾಯವಲ್ಲ. ಆದ್ದರಿಂದ ಇದರ ಪರವಾಗಿ ಹೇಳಬಹುದಾದ ಗಟ್ಟಿ ಮಾತುಗಳನ್ನು ಮೊದಲು ಮುಂದಿಡುತ್ತೇನೆ.

1. ಅನುಭವದ ವಾದ. ಎಷ್ಟೋ ಸಮುದಾಯಗಳಲ್ಲಿ ಹೆಂಗಸರು ತಲೆಮಾರುಗಳಿಂದ ಅಷ್ಟಿಷ್ಟು ಕುಡಿದಿದ್ದಾರೆ, ಅವರಿಗೆ ಹುಟ್ಟಿದ ಮಕ್ಕಳು ದುಡಿದು ಬಾಳಿದ್ದಾರೆ. ಯುರೋಪಿನಲ್ಲಿ ಊಟದ ಜೊತೆಗಿನ ವೈನು ನೀರಿನಷ್ಟೇ ಸಾಮಾನ್ಯವಾಗಿದ್ದ ಪ್ರದೇಶಗಳಿವೆ. ಅಲ್ಲಿನ ಮಕ್ಕಳೆಲ್ಲ ಬುದ್ಧಿಮಾಂದ್ಯರಾಗಿ ಹುಟ್ಟಲಿಲ್ಲ.

2. ವೈದ್ಯಶಾಸ್ತ್ರದ ಚರಿತ್ರೆಯ ವಾದ. 1960ರ ದಶಕದ ಕೊನೆಯಲ್ಲಿ ಫ್ರಿಟ್ಜ್ ಫುಕ್ಸ್ ಎಂಬ ಪ್ರಸೂತಿತಜ್ಞರು ಅವಧಿಗೆ ಮುಂಚೆ ಬರುವ ಹೆರಿಗೆ ನೋವನ್ನು ತಡೆಯಲು ಗರ್ಭಿಣಿಯರ ರಕ್ತನಾಳಕ್ಕೆ ಆಲ್ಕೋಹಾಲನ್ನೇ ಏರಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು, ಅದು ವರ್ಷಗಟ್ಟಲೆ ಬಳಕೆಯಲ್ಲಿತ್ತು. 2008ರ ಬ್ರಿಟನ್ನಿನ ಮಾರ್ಗಸೂಚಿ ಮೊದಲ ಮೂರು ತಿಂಗಳು ಕುಡಿಯಬೇಡಿ, ಆಮೇಲೂ ಕುಡಿಯಲೇಬೇಕೆನಿಸಿದರೆ ವಾರಕ್ಕೆ ಒಂದೆರಡು ಸಲ ಒಂದೆರಡು ಯೂನಿಟ್ ಮೀರಬೇಡಿ ಎಂದಿತ್ತು. 2016ರಲ್ಲಿ ಅದೇ ದೇಶ ಒಂದು ಹನಿಯನ್ನೂ ಕುಡಿಯದಿರುವುದೇ ಕ್ಷೇಮ ಎಂದಿತು. ಹೀಗೆ ಮಾತು ಬದಲಿಸುವವರನ್ನು ಎಷ್ಟು ನಂಬಬೇಕು?

3. ಸಂಶೋಧನೆಯ ವಾದ. 2012ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನಗಳಲ್ಲಿ, ವಾರಕ್ಕೆ ಕೆಲವೇ ಪೇಯ ಕುಡಿದ ತಾಯಂದಿರ ಐದು ವರ್ಷದ ಮಕ್ಕಳಿಗೂ ಕುಡಿಯದವರ ಮಕ್ಕಳಿಗೂ ಬುದ್ಧಿಶಕ್ತಿಯಲ್ಲಿ ಗಮನಾರ್ಹ ಅಂತರ ಸಿಗಲಿಲ್ಲ. ಬ್ರಿಟನ್ನಿನ ಮಿಲೇನಿಯಂ ಸಮೀಕ್ಷೆಯಲ್ಲೂ ಅಲ್ಪ ಕುಡಿತದವರ ಮಕ್ಕಳು ಹಿಂದೆ ಬೀಳಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಎಮಿಲಿ ಆಸ್ಟರ್ 2013ರ ತಮ್ಮ ಪುಸ್ತಕದಲ್ಲಿ ಇಂಥ ಅಂಕಿಅಂಶಗಳನ್ನೇ ಆಧರಿಸಿ, ಮಿತಿಯಲ್ಲಿ ಕುಡಿಯುವುದಕ್ಕೆ ಅಷ್ಟು ಹೆದರಬೇಕಿಲ್ಲ ಎಂದು ವಾದಿಸಿದರು.

4. ಸ್ವಾತಂತ್ರ್ಯದ ವಾದ. ಬಸಿರಾದ ಕೂಡಲೇ ಹೆಣ್ಣಿನ ಊಟ, ನಿದ್ದೆ, ನಡಿಗೆ, ಮಾತು ಎಲ್ಲದರ ಮೇಲೂ ಊರೇ ಅಧಿಕಾರ ಚಲಾಯಿಸುತ್ತದೆ. ಖಚಿತ ಪುರಾವೆ ಇಲ್ಲದ ವಿಷಯದಲ್ಲೂ ‘ಬೇಡ’ ಎನ್ನುವುದು ಆ ಅಧಿಕಾರಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತಲ್ಲವೇ?

ಈ ನಾಲ್ಕರಲ್ಲಿ ಯಾವುದೂ ಹುಡುಗಾಟದ ಮಾತಲ್ಲ. ಇವಕ್ಕೆ ಉತ್ತರ ಕೊಡುವ ಮುನ್ನ, ಯಾವ ವಿಷಯದಲ್ಲಿ ವಿವಾದವೇ ಇಲ್ಲವೋ ಅದನ್ನು ಗಟ್ಟಿ ಮಾಡಿಕೊಳ್ಳಬೇಕು.

ಮದ್ಯದ ಅಮಲಿಗೆ ಕಾರಣವಾದ ಎಥನಾಲ್ ಬಹಳ ಚಿಕ್ಕ ಅಣು. ನೀರಿನಲ್ಲೂ ಕರಗುತ್ತದೆ, ಜೀವಕೋಶದ ಪೊರೆಯನ್ನೂ ಸಲೀಸಾಗಿ ದಾಟುತ್ತದೆ. ಮಾಸು ಎಷ್ಟೋ ಸೋಂಕುಗಳನ್ನು ತಡೆಯುತ್ತದೆ, ಆದರೆ ಇದಕ್ಕೆ ಅದು ಗೋಡೆಯಾಗಲಾರದು. ತಾಯಿ ಕುಡಿದ ಒಂದೆರಡು ಗಂಟೆಯೊಳಗೆ ಮಗುವಿನ ರಕ್ತದಲ್ಲಿ ಆಲ್ಕೋಹಾಲಿನ ಮಟ್ಟ ತಾಯಿಯ ರಕ್ತದ ಮಟ್ಟಕ್ಕೆ ಹತ್ತಿರ ಬರುತ್ತದೆ. ತಾಯಿಯ ಯಕೃತ್ತಿನಲ್ಲಿ ಅದನ್ನು ಒಡೆಯುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಬೇಕಾದಷ್ಟಿದೆ, ಮಗುವಿನ ಎಳೆಯ ಯಕೃತ್ತಿನಲ್ಲಿ ಅದು ತೀರಾ ಕಡಿಮೆ. ಮಗುವಿನಿಂದ ಹೊರಬಿದ್ದ ಆಲ್ಕೋಹಾಲು ಸುತ್ತಲಿನ ಗರ್ಭಜಲಕ್ಕೆ ಸೇರುತ್ತದೆ, ಬೆಳೆದ ಮಗು ಅದೇ ನೀರನ್ನು ನುಂಗುತ್ತದೆ. ಹೀಗಾಗಿ ತಾಯಿಗೆ ಅಮಲಿಳಿದ ಮೇಲೂ ಮಗುವಿಗೆ ಅದರ ಸಂಗ ತಪ್ಪಿರುವುದಿಲ್ಲ. ತಾಯಿಗೆ ಎಷ್ಟು ಅಮಲೇರಿತು ಎನ್ನುವುದು ಮಗುವಿಗೆ ಏನಾಯಿತು ಎನ್ನುವುದಕ್ಕೆ ಅಳತೆಯಾಗಲಾರದು. ‘ನನಗೆ ಒಂದು ಪೆಗ್ ಏನೂ ಅಲ್ಲ’ ಎಂಬ ಮಾತು ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ.

ಹಾನಿ ಹೇಗೆ ಆಗುತ್ತದೆ ಎಂಬುದೂ ಕತ್ತಲಲ್ಲಿ ಉಳಿದಿಲ್ಲ. 1968ರಲ್ಲಿ ಫ್ರಾನ್ಸಿನ ನಾಂಟ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಮದ್ಯವ್ಯಸನಿ ತಂದೆತಾಯಿಯರ 127 ಮಕ್ಕಳಲ್ಲಿ ಒಂದೇ ಬಗೆಯ ಮುಖಚಹರೆ, ಕುಂಠಿತ ಬೆಳವಣಿಗೆ, ವರ್ತನೆಯ ತೊಂದರೆಗಳನ್ನು ದಾಖಲಿಸಿದರು. ಅದನ್ನು ಹೊರಜಗತ್ತು ಹೆಚ್ಚು ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಇದನ್ನೇ ಸ್ವತಂತ್ರವಾಗಿ ಕಂಡುಕೊಂಡು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಕಿರಿದಾದ ಕಣ್ಣಿನ ಸೀಳು, ಮೂಗಿನ ಕೆಳಗಿನ ತೋಡು ಮಾಸಿ ನುಣುಪಾದ ಜಾಗ, ತೆಳುವಾದ ಮೇಲ್ದುಟಿ ಅದರ ಮುಖಲಕ್ಷಣಗಳು. ಕ್ಯಾಥ್ಲೀನ್ ಸುಲಿಕ್ ಮತ್ತು ತಂಡ 1981ರಲ್ಲಿ, ಗರ್ಭ ಧರಿಸಿದ ಇಲಿಗೆ ಏಳನೆಯ ದಿನ ಮದ್ಯ ಕೊಟ್ಟರೆ ಮರಿಗಳಲ್ಲಿ ಇದೇ ಮಾದರಿಯ ಮುಖ ಮೂಡುವುದನ್ನು ತೋರಿಸಿದರು. ಇಲಿಯ ಏಳನೆಯ ದಿನ ಎಂದರೆ ಮನುಷ್ಯರಲ್ಲಿ ಗರ್ಭ ಕಟ್ಟಿದ ಮೂರನೆಯ ವಾರ. ಆ ಹೊತ್ತಿಗೆ ಭ್ರೂಣ ಮೂರು ಪದರದ ಒಂದು ಚಪ್ಪಟೆ ತಟ್ಟೆ, ಉದ್ದ ಸುಮಾರು ಎರಡು ಮಿಲಿಮೀಟರ್. ಮುಂದೆ ಮುಖವಾಗಬೇಕಾದ ಜೀವಕೋಶಗಳು ಆಗಷ್ಟೇ ತಮ್ಮ ಜಾಗ ಹುಡುಕಿಕೊಂಡು ಹೊರಡುವ ಸಿದ್ಧತೆಯಲ್ಲಿರುತ್ತವೆ. ಮದ್ಯ ಅವುಗಳಲ್ಲಿ ಹಲವನ್ನು ಸಾಯಿಸುತ್ತದೆ. ತಾಯಿಗೆ ಆಗ ಮುಟ್ಟು ನಿಂತಿತೋ ಇಲ್ಲವೋ ಎಂಬ ಅನುಮಾನ ಹುಟ್ಟುವ ಸಮಯ, ಅಷ್ಟೆ. ಇನ್ನು ಮೆದುಳಂತೂ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ‘ಮೂರು ತಿಂಗಳು ದಾಟಿದರೆ ಭಯವಿಲ್ಲ’ ಎಂಬ ಮಾತು ಕೈಕಾಲು, ಹೃದಯಗಳ ರಚನೆಗೆ ಸ್ವಲ್ಪಮಟ್ಟಿಗೆ ಅನ್ವಯಿಸಬಹುದು, ಮೆದುಳಿಗೆ ಅನ್ವಯಿಸುವುದಿಲ್ಲ. ಹಾನಿಗೊಳಗಾದ ಹೆಚ್ಚಿನ ಮಕ್ಕಳ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ತೊಂದರೆ ಗಮನ, ನೆನಪು, ಲೆಕ್ಕ, ಮುಂದಾಲೋಚನೆಯ ಕೊರತೆಯಾಗಿ, ಹಠವಾಗಿ ಶಾಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದನ್ನು ಯಾರೂ ಏಳೆಂಟು ವರ್ಷ ಹಿಂದಿನ ಮದ್ಯದ ಜೊತೆ ಜೋಡಿಸುವುದಿಲ್ಲ. ಮಗು ದಡ್ಡ, ಮೊಂಡ ಎಂದು ಕೈತೊಳೆದುಕೊಳ್ಳುತ್ತಾರೆ. ಈ ಇಡೀ ಶ್ರೇಣಿಯ ತೊಂದರೆಗಳಿಗೆ ವೈದ್ಯರು ಎಫ್‌ಎಎಸ್‌ಡಿ ಎನ್ನುತ್ತಾರೆ. ಅದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇಲ್ಲ, ಪೂರ್ತಿ ಗುಣಪಡಿಸುವ ಔಷಧಿಯೂ ಇಲ್ಲ.

ಅನುಭವದ ವಾದಕ್ಕೆ ಉತ್ತರದ ಅರ್ಧ ಭಾಗ ಇಲ್ಲೇ ಸಿಕ್ಕಿತು. ಅಜ್ಜಿಯ ಕಾಲದಲ್ಲಿ ಏನೂ ಆಗಲಿಲ್ಲ ಎನ್ನುವಾಗ, ಆಗಿದ್ದರೆ ಗುರುತಿಸುತ್ತಿದ್ದೆವು ಎಂದು ಊಹಿಸಿಕೊಂಡಿರುತ್ತೇವೆ. ಹೆಸರೇ ಇಲ್ಲದ, ಮುಖದಲ್ಲಿ ಕಾಣದ ತೊಂದರೆಯ ಲೆಕ್ಕವನ್ನು ಯಾರು ಇಟ್ಟಿದ್ದರು? ಉತ್ತರದ ಇನ್ನರ್ಧ ಭಾಗ ಅವಳಿ ಮಕ್ಕಳಿಂದ ಬರುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸೂಸನ್ ಆಸ್ಲಿ ಮತ್ತು ಸಹೋದ್ಯೋಗಿಗಳು ಗರ್ಭದಲ್ಲಿದ್ದಾಗ ಮದ್ಯದ ಸಂಪರ್ಕಕ್ಕೆ ಬಂದ ಅವಳಿಗಳನ್ನು ಹೋಲಿಸಿ ನೋಡಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ರೋಗನಿರ್ಣಯ ಪ್ರತಿ ಜೋಡಿಗೂ ಒಂದೇ ಆಗಿತ್ತು. ಬೇರೆಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಶೇ. 44 ಜೋಡಿಗಳಲ್ಲಿ ಒಂದು ಮಗುವಿಗೆ ಬಂದ ನಿರ್ಣಯ ಇನ್ನೊಂದಕ್ಕಿಂತ ಬೇರೆಯಾಗಿತ್ತು. ತಾಯಿ ಒಬ್ಬಳೇ, ಬಸಿರು ಒಂದೇ, ಮದ್ಯ ಅಷ್ಟೇ, ದಿನವೂ ಅದೇ. ಆದರೂ ಫಲ ಬೇರೆ. ಮಗುವಿನ ವಂಶವಾಹಿಗಳು ಅದರ ಸಹನಶಕ್ತಿಯನ್ನು ಗಣನೀಯವಾಗಿ ನಿರ್ಧರಿಸುತ್ತವೆ ಎಂದಾಯಿತು. ಒಂದೇ ಬಸಿರಿನಲ್ಲಿ ಪಕ್ಕಪಕ್ಕ ಮಲಗಿದ್ದ ಇಬ್ಬರ ನಡುವೆಯೇ ಇಷ್ಟು ಅಂತರವಿರುವಾಗ, ನೆರೆಮನೆಯಾಕೆಯ ಮಗು ಚೆನ್ನಾಗಿದೆ ಎಂಬುದರಿಂದ ನನ್ನ ಮಗುವಿನ ಬಗ್ಗೆ ಏನು ತಿಳಿದಂತಾಯಿತು? ಹುಟ್ಟುವ ಮುಂಚೆ ಯಾವ ಮಗು ತಾಳಿಕೊಳ್ಳುತ್ತದೆ, ಯಾವುದು ತಾಳಿಕೊಳ್ಳುವುದಿಲ್ಲ ಎಂದು ಹೇಳುವ ದಾರಿ ಯಾರಿಗೂ ಗೊತ್ತಿಲ್ಲ.

ಈಗ ಎಲ್ಲಕ್ಕಿಂತ ಬಲವಾದ ಸಂಶೋಧನೆಯ ವಾದ. ಇಲ್ಲಿ ಮೊದಲು ಕೇಳಬೇಕಾದದ್ದು, ಅಧ್ಯಯನಗಳು ಹೇಳುವ ಅಲ್ಪ ಪ್ರಮಾಣ ನಮ್ಮ ಲೋಟದಲ್ಲಿ ಎಷ್ಟಾಗುತ್ತದೆ ಎಂದು. ಬ್ರಿಟನ್ನಿನ ಒಂದು ಯೂನಿಟ್ ಎಂದರೆ 8 ಗ್ರಾಂ ಶುದ್ಧ ಆಲ್ಕೋಹಾಲು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲಿರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ದೊಡ್ಡ ಪೆಗ್ಗಿನಲ್ಲಿ 20 ಗ್ರಾಂ, ‘ನೈಂಟಿ’ ಎಂದು ಕರೆಯುವ 90 ಮಿಲಿಯ ಪ್ಯಾಕಿನಲ್ಲಿ 30 ಗ್ರಾಂ. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಶೇ. 8ರಷ್ಟಿದ್ದರೆ ಸುಮಾರು 41 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್ಗಿಗೆ ಸಮ. 2017ರಲ್ಲಿ ಲೂಯಿಸಾ ಝುಕೊಲೊ ಮೊದಲಾದ ಬ್ರಿಸ್ಟಲ್ ಸಂಶೋಧಕರು ಅಲ್ಪ ಕುಡಿತದ ಬಗೆಗಿನ 26 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಹಾಕಿಕೊಂಡ ಮಿತಿ ಇಡೀ ವಾರಕ್ಕೆ 32 ಗ್ರಾಂ. ಒಂದು ನೈಂಟಿಯಲ್ಲಿ ವಾರದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು, ಒಂದು ಸ್ಟ್ರಾಂಗ್ ಬಿಯರಿನಲ್ಲಿ ಮೀರಿಯೇ ಹೋಯಿತು. ಅದೂ ಒಂದೇ ಸಂಜೆ ಕುಡಿದರೆ ರಕ್ತದಲ್ಲಿ ಮಟ್ಟ ಏರುವ ಎತ್ತರವೇ ಬೇರೆ, ಮೆದುಳಿಗೆ ಮುಖ್ಯವಾಗುವುದು ಆ ಎತ್ತರ. ವಿದೇಶದ ಅಧ್ಯಯನ ತೋರಿಸಿ ‘ಸ್ವಲ್ಪ ಪರವಾಗಿಲ್ಲ’ ಎನ್ನುವವರು ಹೆಚ್ಚಿನ ಸಲ ಆ ಅಧ್ಯಯನ ನೋಡಿಯೇ ಇರದ ಪ್ರಮಾಣದ ಬಗ್ಗೆ ಮಾತಾಡುತ್ತಿರುತ್ತಾರೆ.

ಪ್ರಮಾಣ ನಿಜಕ್ಕೂ ಚಿಕ್ಕದೇ ಎಂದಿಟ್ಟುಕೊಳ್ಳೋಣ. ಆಗಲೂ, ಅಂತರ ಕಾಣಲಿಲ್ಲ ಎಂದ ಮಾತ್ರಕ್ಕೆ ಅಂತರವಿಲ್ಲ ಎಂದಾಗುವುದಿಲ್ಲ. ಇದಕ್ಕೆ ಮೂರು ಕಾರಣ. ಒಂದು, ಯಾರಿಗೂ ಬೇಕೆಂದೇ ಮದ್ಯ ಕುಡಿಸಿ ಪ್ರಯೋಗ ಮಾಡುವಂತಿಲ್ಲ. ತಾಯಂದಿರು ತಾವಾಗಿ ಹೇಳಿದ ಲೆಕ್ಕವನ್ನೇ ನಂಬಬೇಕು, ಆ ಲೆಕ್ಕ ಹೆಚ್ಚುಕಡಿಮೆಯಾಗಿರುತ್ತದೆ. ಎರಡು, ಐದನೆಯ ವರ್ಷದ ಪರೀಕ್ಷೆ ಯೋಜಿಸುವ, ಸಂಯಮ ತೋರುವ, ಹಲವು ಕೆಲಸ ಒಟ್ಟಿಗೆ ನಿಭಾಯಿಸುವ ಶಕ್ತಿಗಳನ್ನು ಪೂರ್ತಿ ಅಳೆಯಲಾರದು, ಏಕೆಂದರೆ ಅವು ಇನ್ನೂ ಬೆಳೆಯುತ್ತಿರುತ್ತವೆ. ಜರಡಿಯ ಕಣ್ಣು ದೊಡ್ಡದಿದ್ದರೆ ನುಸುಳಿ ಹೋದ ಕಾಳನ್ನು ಇರಲೇ ಇಲ್ಲ ಎನ್ನುವಂತಿಲ್ಲ. ಮೂರು, ಬ್ರಿಟನ್ನಿನಂಥ ದೇಶಗಳಲ್ಲಿ ಬಸುರಿನಲ್ಲಿ ಅಲ್ಪ ಕುಡಿಯುವವರು ಸಾಮಾನ್ಯವಾಗಿ ಹೆಚ್ಚು ಓದಿದ, ಅನುಕೂಲಸ್ಥ ಹೆಂಗಸರು. ಅವರ ಮಕ್ಕಳಿಗೆ ಒಳ್ಳೆಯ ಊಟ, ಒಳ್ಳೆಯ ಶಾಲೆ, ಮನೆ ತುಂಬ ಪುಸ್ತಕ ಸಿಗುತ್ತವೆ. ಮದ್ಯ ಒಂದಂಕ ಕಸಿದರೂ ಮನೆ ಎರಡಂಕ ಕೊಟ್ಟಿರುತ್ತದೆ. ಕೆಲವು ಸಮೀಕ್ಷೆಗಳಲ್ಲಿ ಅಲ್ಪ ಕುಡಿದವರ ಮಕ್ಕಳು ಕುಡಿಯದವರ ಮಕ್ಕಳಿಗಿಂತ ಒಂದು ಕೈ ಮುಂದೆಯೇ ಕಂಡದ್ದುಂಟು. ವೈನು ಬುದ್ಧಿ ಬೆಳೆಸುತ್ತದೆ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ, ಅಲ್ಲಿ ಕಂಡದ್ದು ಸಿರಿತನದ ಫಲ ಎಂದು ಒಪ್ಪಬೇಕಾಗುತ್ತದೆ. ಹಾಗೆ ಒಪ್ಪಿದರೆ, ಅದೇ ಸಿರಿತನ ಚಿಕ್ಕ ಹಾನಿಯೊಂದನ್ನು ಮುಚ್ಚಿಟ್ಟಿರಬಹುದು ಎಂಬುದನ್ನೂ ಒಪ್ಪಬೇಕು.

ಈ ತೊಡಕನ್ನು ದಾಟಲು ಬ್ರಿಸ್ಟಲ್ಲಿನಲ್ಲಿ ಒಂದು ಜಾಣ ದಾರಿ ಹುಡುಕಿದರು. ಮದ್ಯವನ್ನು ದೇಹ ಎಷ್ಟು ಬೇಗ ಒಡೆಯುತ್ತದೆ ಎಂಬುದನ್ನು ನಿರ್ಧರಿಸುವ ವಂಶವಾಹಿಗಳಲ್ಲಿ ಜನರಿಂದ ಜನಕ್ಕೆ ವ್ಯತ್ಯಾಸವಿದೆ. ಈ ವ್ಯತ್ಯಾಸ ಹುಟ್ಟಿನ ಆಕಸ್ಮಿಕದಿಂದ ಹಂಚಿಕೆಯಾಗುತ್ತದೆ, ಬಡವ ಬಲ್ಲಿದ ಎಂದು ನೋಡುವುದಿಲ್ಲ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎಂಟನೆಯ ವಯಸ್ಸಿನಲ್ಲಿ ಅಳೆಯಿತು. ಬಸುರಿನಲ್ಲಿ ವಾರಕ್ಕೆ ಒಂದರಿಂದ ಆರು ಯೂನಿಟ್ ಕುಡಿದ ತಾಯಂದಿರ ಮಕ್ಕಳಲ್ಲಿ, ಇಂಥ ನಾಲ್ಕು ವಂಶವಾಹಿ ರೂಪಗಳನ್ನು ಹೊತ್ತವರ ಬುದ್ಧಿಸೂಚ್ಯಂಕ ಕೊಂಚ ಕಡಿಮೆಯಿತ್ತು. ಕುಡಿಯದೇ ಇದ್ದ ತಾಯಂದಿರ ಮಕ್ಕಳಲ್ಲಿ ಅವೇ ರೂಪಗಳಿದ್ದರೂ ಅಂಥ ಇಳಿಕೆ ಕಾಣಲಿಲ್ಲ. ಬರೀ ವಂಶವಾಹಿಯ ದೋಷವಾಗಿದ್ದರೆ ಎರಡೂ ಗುಂಪಿನಲ್ಲಿ ಕಾಣಬೇಕಿತ್ತು. ಇದೊಂದೇ ಅಧ್ಯಯನದಿಂದ ಎಲ್ಲ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಇಲ್ಲೂ ಕುಡಿತದ ಲೆಕ್ಕ ತಾಯಂದಿರ ಬಾಯಿಮಾತಿನದು, ಇಳಿಕೆಯೂ ಒಬ್ಬ ಮಗುವಿನ ಮಟ್ಟಿಗೆ ಚಿಕ್ಕದು. ಆದರೆ ‘ಅಲ್ಪ ಪ್ರಮಾಣ ನಿರಪಾಯ ಎಂದು ವಿಜ್ಞಾನವೇ ಹೇಳಿದೆ’ ಎಂಬ ಮಾತು ನಿಲ್ಲುವುದಿಲ್ಲ ಎಂದು ತೋರಿಸಲು ಇಷ್ಟು ಸಾಕು. 26 ಅಧ್ಯಯನಗಳ ಆ ಪರಿಶೀಲನೆಯೂ ಹೇಳಿದ್ದು ಇದನ್ನೇ: ವಾರಕ್ಕೆ 32 ಗ್ರಾಮಿನೊಳಗಿನ ಕುಡಿತದ ಬಗ್ಗೆ ಪುರಾವೆ ತೀರಾ ಕಡಿಮೆ, ಇರುವಷ್ಟರಲ್ಲಿ ಮಗು ಸಣ್ಣದಾಗಿ ಹುಟ್ಟುವ ಸಂಭವ ತುಸು ಹೆಚ್ಚು. ಪುರಾವೆ ಕಡಿಮೆ ಎಂಬುದನ್ನು ಅಪಾಯ ಕಡಿಮೆ ಎಂದು ಓದಿಕೊಂಡದ್ದು ನಾವು.

ವೈದ್ಯರು ಮಾತು ಬದಲಿಸಿದರು ಎಂಬ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ. ಬ್ರಿಟನ್ನಿನ ಎರಡು ಮಾರ್ಗಸೂಚಿಗಳ ನಡುವೆ ಬದಲಾದದ್ದು ಸತ್ಯಾಂಶಕ್ಕಿಂತ ಹೆಚ್ಚಾಗಿ ಅನಿಶ್ಚಿತತೆಯನ್ನು ಎದುರಿಸುವ ರೀತಿ. ಎಲ್ಲಿಂದ ಅಪಾಯ ಶುರುವಾಗುತ್ತದೆಂದು ಗೊತ್ತಿಲ್ಲದಿದ್ದಾಗ ‘ಇಷ್ಟರವರೆಗೆ ಸರಿ’ ಎಂದು ಗೆರೆ ಎಳೆದರೆ, ಆ ಗೆರೆಗೆ ಇಲ್ಲದ ಆಧಾರವನ್ನು ನಾವೇ ಕೊಟ್ಟಂತಾಗುತ್ತದೆ. ರಕ್ತನಾಳಕ್ಕೆ ಆಲ್ಕೋಹಾಲು ಏರಿಸುತ್ತಿದ್ದ ಚಿಕಿತ್ಸೆಯನ್ನು ವೈದ್ಯರು ಕೈಬಿಟ್ಟರು. ಕೈಬಿಟ್ಟ ಚಿಕಿತ್ಸೆಯನ್ನು ನಿರಪಾಯದ ಸಾಕ್ಷಿಯಾಗಿ ತರುವುದು ತರ್ಕವನ್ನು ತಲೆಕೆಳಗು ಮಾಡಿದಂತೆ.

ಹೀಗೆ ಮೂರನೆಯ ಪ್ರಶ್ನೆಗೆ ಬರುತ್ತೇವೆ: ಗೊತ್ತಿಲ್ಲದಾಗ ಏನು ಮಾಡಬೇಕು? ಇಲ್ಲಿ ಎರಡು ಬಗೆಯ ತಪ್ಪಿಗೆ ಅವಕಾಶವಿದೆ. ಅಲ್ಪ ಮದ್ಯ ನಿಜಕ್ಕೂ ನಿರಪಾಯವಾಗಿದ್ದು ನಾವು ಬೇಡವೆಂದರೆ, ನಷ್ಟವಾಗುವುದು ಒಂಬತ್ತು ತಿಂಗಳ ಒಂದು ಸುಖ. ಅದು ಕೆಲವು ಮಕ್ಕಳಿಗಾದರೂ ಅಪಾಯವಾಗಿದ್ದು ನಾವು ಪರವಾಗಿಲ್ಲವೆಂದರೆ, ನಷ್ಟ ಒಂದು ಇಡೀ ಜೀವಮಾನದ್ದು, ಅದನ್ನು ಹೊರುವುದು ತೀರ್ಮಾನದಲ್ಲಿ ಪಾಲಿರದ ಮಗು. ಸುಖವೂ ಲೆಕ್ಕಕ್ಕೆ ಬರುವಂಥದೇ, ಅದನ್ನು ಹೀಗಳೆಯುವ ಕಾರಣ ನನಗಿಲ್ಲ. ಆದರೆ ಎರಡು ತಟ್ಟೆಗಳೂ ಸಮ ಎಂದು ಹೇಳಲು ಸಾಧ್ಯವಿಲ್ಲ.

ಇದಕ್ಕೊಂದು ತೂಕದ ಮರುವಾದವಿದೆ. ಈ ತರ್ಕವನ್ನು ಕೊನೆಯವರೆಗೆ ಎಳೆದರೆ ಬಸುರಿ ಬಸ್ಸು ಹತ್ತಬಾರದು, ಮೀನು ತಿನ್ನಬಾರದು, ಕಾಫಿ ಕುಡಿಯಬಾರದು, ಕೊನೆಗೆ ಉಸಿರೂ ಆಡಬಾರದು ಎಂದಾಗುತ್ತದೆ. ಆದ್ದರಿಂದ ಈ ಎಚ್ಚರ ಯಾವಾಗ ಸಲ್ಲುತ್ತದೆ ಎಂದು ಹೇಳಲೇಬೇಕು. ಮೂರು ಷರತ್ತುಗಳು ಒಟ್ಟಿಗೆ ಕೂಡಿದಾಗ ಸಲ್ಲುತ್ತದೆ. ವಸ್ತು ಹೆಚ್ಚಿನ ಪ್ರಮಾಣದಲ್ಲಿ ಹಾನಿ ಮಾಡುವುದು ಖಚಿತವಾಗಿರಬೇಕು, ಹೇಗೆ ಮಾಡುತ್ತದೆಂಬುದೂ ತಿಳಿದಿರಬೇಕು. ಇಲ್ಲಿಂದ ಕೆಳಗೆ ಸುರಕ್ಷಿತ ಎಂಬ ಮಟ್ಟ ಸಿಕ್ಕಿರಬಾರದು. ಬಿಡುವುದರಿಂದ ಆರೋಗ್ಯಕ್ಕೆ, ಆಹಾರಕ್ಕೆ, ದುಡಿಮೆಗೆ ಏನೂ ಊನ ಬರಬಾರದು. ಮೀನಿನಲ್ಲಿ ಪಾದರಸದ ಅಂಶವಿದ್ದರೂ ಅದರ ಪೋಷಣೆ ಬೇಕು, ಹಾಗಾಗಿ ಯಾವ ಮೀನು, ಎಷ್ಟು ಎಂದು ಆರಿಸಿ ತಿನ್ನಬೇಕೇ ಹೊರತು ಬಿಡಬೇಕಿಲ್ಲ. ಮೂರ್ಛೆರೋಗದ ಮಾತ್ರೆ ನಿಲ್ಲಿಸಿದರೆ ತಾಯಿಗೇ ಅಪಾಯ. ಬಸ್ಸಿಲ್ಲದೆ ಆಸ್ಪತ್ರೆ ತಲುಪಲಾಗದು. ಕಾಫಿಯ ಕೆಫೀನಿಗೆ ದಿನಕ್ಕೆ 200 ಮಿಲಿಗ್ರಾಂ ಎಂಬ ಮಿತಿಯನ್ನು ವೈದ್ಯಸಂಸ್ಥೆಗಳು ಒಪ್ಪಿವೆ, ಬೆಳಗ್ಗೆ ಸಂಜೆಯ ಎರಡು ಸಣ್ಣ ಲೋಟಕ್ಕೆ ಅಡ್ಡಿಯಿಲ್ಲ. ಅಂದರೆ ವೈದ್ಯಶಾಸ್ತ್ರ ಕಂಡಕಂಡದ್ದನ್ನೆಲ್ಲ ನಿಷೇಧಿಸುವ ಗೀಳಿಗೆ ಬಿದ್ದಿಲ್ಲ. ಮೂರು ಷರತ್ತುಗಳೂ ಇಷ್ಟು ಸ್ಪಷ್ಟವಾಗಿ ಕೂಡಿಬರುವುದು ತಂಬಾಕು, ಮದ್ಯದಂಥ ಕೆಲವೇ ವಸ್ತುಗಳಲ್ಲಿ. ಹುದುಗಿದ ಹಿಟ್ಟಿನಲ್ಲಿ, ಕಳಿತ ಬಾಳೆಹಣ್ಣಿನಲ್ಲಿ ಕೂಡ ಆಲ್ಕೋಹಾಲಿನ ಅಂಶವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಅದು ದೇಹ ಕ್ಷಣಮಾತ್ರದಲ್ಲಿ ಕರಗಿಸುವ ಲೇಶ, ಇಡ್ಲಿ ಬೇಯುವಾಗ ಅದೂ ಹಾರಿಹೋಗುತ್ತದೆ. ನಮ್ಮ ಕರುಳೇ ಅಷ್ಟನ್ನು ಹುಟ್ಟಿಸುತ್ತದೆ. ಆಸವ, ಅರಿಷ್ಟಗಳ ಮಾತು ಬೇರೆ. ಹುದುಗಿಸಿ ಮಾಡುವ ಈ ಔಷಧಿಗಳ ಶೀಶೆಯ ಮೇಲೆಯೇ ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲಿನ ಪ್ರಮಾಣ ಬರೆದಿರುತ್ತದೆ. ಕುಡಿಯುವುದು ಚಮಚದ ಲೆಕ್ಕದಲ್ಲಾದ್ದರಿಂದ ಗಾಬರಿ ಬೇಡ, ಆದರೆ ‘ಆಯುರ್ವೇದ, ತೊಂದರೆಯಿಲ್ಲ’ ಎಂದು ಬಸುರಿನಲ್ಲಿ ತಾವೇ ತಂದು ಕುಡಿಯುವುದೂ ಸರಿಯಲ್ಲ, ವೈದ್ಯರನ್ನು ಕೇಳಬೇಕು. ಕಳ್ಳು ಪ್ರಕೃತಿದತ್ತ, ವೈನು ಹಣ್ಣಿನ ರಸ ಎಂಬ ಸಮಾಧಾನಕ್ಕಂತೂ ಬೆಲೆಯಿಲ್ಲ. ಮರದಿಂದ ಬಂದರೂ ಭಟ್ಟಿಯಿಂದ ಬಂದರೂ ಎಥನಾಲ್ ಎಥನಾಲೇ.

ಉಳಿದದ್ದು ಸ್ವಾತಂತ್ರ್ಯದ ವಾದ. ಇದರಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ, ಏಕೆಂದರೆ ‘ಸ್ವಲ್ಪ ಪರವಾಗಿಲ್ಲ’ ಎಂಬ ಗೊಂದಲದಷ್ಟೇ ಕೆಟ್ಟದ್ದು ಇನ್ನೊಂದು ತುದಿಯಲ್ಲಿದೆ: ಒಂದು ಗುಟುಕು ಕುಡಿದರೂ ಮಗು ಹಾಳು, ಹಾಳಾದರೆ ತಾಯಿ ಪಾಪಿ. ಕುಡಿಯದಿರುವುದು ಕ್ಷೇಮ ಎಂಬ ಸಲಹೆಯಿಂದ ಕುಡಿದವಳಿಗೆ ಹಾನಿ ಖಚಿತ ಎಂಬ ತೀರ್ಪು ಹೊರಡುವುದಿಲ್ಲ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಬಸುರಿನಲ್ಲಿ ಯಾವುದಾದರೂ ಪ್ರಮಾಣದಲ್ಲಿ ಕುಡಿದ 13 ತಾಯಂದಿರಲ್ಲಿ ಒಬ್ಬರ ಮಗುವಿಗೆ ಎಫ್‌ಎಎಸ್‌ಡಿ ಬರುತ್ತದೆ. ಮುಂದೆ ಕುಡಿಯಬೇಕೇ ಎಂದು ಯೋಚಿಸುವವಳಿಗೆ ಇದು ದೊಡ್ಡ ಸಂಖ್ಯೆ. ಬಸಿರಾದದ್ದು ತಿಳಿಯುವ ಮುಂಚೆ ಒಂದು ಸಂಜೆ ಕುಡಿದು ಈಗ ನಿದ್ದೆಗೆಟ್ಟವಳಿಗೆ ಇದೇ ಸಂಖ್ಯೆ ಧೈರ್ಯ ಕೊಡಬೇಕು, ಏಕೆಂದರೆ ಇದರಲ್ಲಿ ಹೆಚ್ಚು ಕುಡಿದವರೂ ಸೇರಿದ್ದಾರೆ. ಅಂಥವಳು ಗರ್ಭ ತೆಗೆಸಲು ಓಡಬೇಕಿಲ್ಲ. ಅಂದಿನಿಂದಲೇ ನಿಲ್ಲಿಸಿ, ತಪಾಸಣೆಗೆ ಹೋದಾಗ ವೈದ್ಯರಿಗೆ ಮುಚ್ಚಿಡದೆ ಹೇಳಿದರೆ ಆಯಿತು. ಮೆದುಳು ಕೊನೆಯವರೆಗೂ ಬೆಳೆಯುವುದರಿಂದ ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮಗುವಿಗೆ ಲಾಭವೇ. ಶಿಕ್ಷೆಯ ದಾರಿಯಂತೂ ಸೋತ ದಾರಿ. ಅಮೆರಿಕದ ಹಲವು ರಾಜ್ಯಗಳು ಬಸುರಿನ ಕುಡಿತವನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಪರಿಗಣಿಸಿ ಕಾನೂನು ಮಾಡಿದವು. ಅಂಥ ಕಾನೂನಿದ್ದ ಕಡೆ ಗರ್ಭಿಣಿಯರು ತಪಾಸಣೆಗೆ ಬರುವುದು ಕಡಿಮೆಯಾದದ್ದನ್ನೂ ಕಡಿಮೆ ತೂಕದ ಮಕ್ಕಳು ಹೆಚ್ಚು ಹುಟ್ಟಿದ್ದನ್ನೂ ಸಂಶೋಧಕರು ಗುರುತಿಸಿದ್ದಾರೆ. ಹೆದರಿದ ಹೆಂಗಸು ನಿಜ ಹೇಳುವುದಿಲ್ಲ, ನಿಜ ಹೇಳದವಳಿಗೆ ನೆರವು ಸಿಗುವುದಿಲ್ಲ. ಆದರೆ ಸ್ವಾತಂತ್ರ್ಯದ ಹೆಸರಿನಲ್ಲಿ ಆಕೆಗೆ ಅರೆಬರೆ ಸತ್ಯ ಹೇಳುವುದೂ ಗೌರವವಲ್ಲ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುವುದು ಗೌರವ.

‘ನಮ್ಮ ಹೆಂಗಸರು ಕುಡಿಯುವುದಿಲ್ಲ, ಇದು ನಮ್ಮ ಸಮಸ್ಯೆಯಲ್ಲ’ ಎಂಬ ಇನ್ನೊಂದು ಮಾತು ಈ ಚರ್ಚೆಯನ್ನೇ ಮುಚ್ಚಿಹಾಕುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ಮದ್ಯ ಸೇವಿಸುವುದಾಗಿ ಹೇಳಿದವರು 100ಕ್ಕೆ ಒಬ್ಬರ ಆಸುಪಾಸು. ಕಡಿಮೆಯೇ ಸರಿ, ಆದರೆ ಎರಡು ಕೋಟಿಗೂ ಹೆಚ್ಚಿರುವ ಹೆಂಗಸರಲ್ಲಿ ಅದು ಎರಡು ಲಕ್ಷದಷ್ಟಾಗುತ್ತದೆ. ಮನೆ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗೆ, ಅತ್ತೆ ಮಾವ ಕಿವಿಗೊಟ್ಟಿರುವಾಗ, ಎಷ್ಟು ಮಂದಿ ಹೌದೆಂದಾರು? ಇಲ್ಲಿ ನಾಚಿಕೆಯೇ ದೊಡ್ಡ ಅಡ್ಡಿ. ಕುಡಿಯುವ ಹೆಣ್ಣನ್ನು ಕೆಟ್ಟವಳೆನ್ನುವ ಸಮಾಜದಲ್ಲಿ ಆಕೆಯನ್ನು ಕೇಳಲು ಆರೋಗ್ಯ ಕಾರ್ಯಕರ್ತೆಗೂ ಮುಜುಗರ, ಹೇಳಲು ಆಕೆಗೂ ಭಯ.

ಈ ವಿಚಾರಗಳಿಂದ ಹೊರಡುವ ಕೆಲಸಗಳು ಹೀಗಿವೆ.

1. ತಾಯಿ ಕಾರ್ಡ್ ತೆರೆದ ದಿನ ರಕ್ತದೊತ್ತಡ, ತೂಕ, ಕಬ್ಬಿಣದ ಮಾತ್ರೆಗಳ ಬಗ್ಗೆ ಕೇಳುವಷ್ಟೇ ಸಹಜವಾಗಿ ಮದ್ಯ, ತಂಬಾಕಿನ ಬಗ್ಗೆ ಎಲ್ಲರನ್ನೂ ಕೇಳಬೇಕು. ಕೆಲವರನ್ನು ಮಾತ್ರ ಕೇಳಿದರೆ ಅನುಮಾನಿಸಿದಂತೆ, ಎಲ್ಲರನ್ನೂ ಕೇಳಿದರೆ ಆರೈಕೆ. ಪ್ರಶ್ನೆ ಏಕಾಂತದಲ್ಲಿರಬೇಕು.

2. ಮಗು ಬೇಕೆಂದು ಯೋಚಿಸುವಾಗಲೇ ಮದ್ಯ ಬಿಡಬೇಕು. ಮುಖ ರೂಪುಗೊಳ್ಳುವ ವಾರ ಬಸಿರು ತಿಳಿಯುವ ಮುಂಚೆಯೇ ಬರುತ್ತದೆ.

3. ದಿನಾ ಹೆಚ್ಚು ಕುಡಿಯುವ ಅಭ್ಯಾಸವಿರುವವಳು ಒಮ್ಮೆಲೇ ತಾನಾಗಿ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಮತಿಭ್ರಮೆಯಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಬಿಡಬೇಕು. ವ್ಯಸನ ಒಂದು ಕಾಯಿಲೆ, ಅದಕ್ಕೆ ಬೇಕಾದದ್ದು ಚಿಕಿತ್ಸೆ.

4. ಬಾಣಂತಿಗೆ ಮೈ ಬೆಚ್ಚಗಾಗಲೆಂದು ಬ್ರಾಂದಿ ಕೊಡುವ ರೂಢಿಯಿರುವ ಮನೆಗಳು ಅದನ್ನು ನಿಲ್ಲಿಸಬೇಕು. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಎದೆಹಾಲಿನಲ್ಲೂ ಇರುತ್ತದೆ.

5. ಗಂಡ ಕುಡಿಯುತ್ತ ಹೆಂಡತಿಗೆ ಬೇಡವೆನ್ನುವ ಮನೆಯಲ್ಲಿ ಸಲಹೆಗೆ ಬಲವಿರುವುದಿಲ್ಲ. ಒಂಬತ್ತು ತಿಂಗಳ ಸಂಯಮ ಇಬ್ಬರದೂ ಆಗಬೇಕು.

6. ಬಾಟಲಿಯ ಮೇಲಿನ ಎಚ್ಚರಿಕೆ ಬದಲಾಗಬೇಕು. 2019ರಿಂದ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಕಡ್ಡಾಯ ಮಾಡಿದ ಒಕ್ಕಣೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎನ್ನುತ್ತದೆ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಬಸುರಿನ ಸುದ್ದಿ ಎತ್ತುವುದಿಲ್ಲ. ಅಮೆರಿಕದಲ್ಲಿ 1989ರಿಂದ, ಫ್ರಾನ್ಸಿನಲ್ಲಿ 2007ರಿಂದ ಬಾಟಲಿಯ ಮೇಲೆ ಅದು ಇದೆ. ಒಂದು ಸಣ್ಣ ಚಿತ್ರ ಸಾಕು, ಓದು ಬಾರದವರಿಗೂ ತಲುಪುತ್ತದೆ.

ಬಸುರಿನಲ್ಲಿ ಎಷ್ಟು ಮದ್ಯ ಸುರಕ್ಷಿತ ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕ ಉತ್ತರ ಹೀಗಿರಬೇಕು: ಸುರಕ್ಷಿತ ಎಂದು ತೋರಿಸಲಾದ ಪ್ರಮಾಣ ಯಾವುದೂ ಇಲ್ಲ, ಹೆಚ್ಚಾದಷ್ಟೂ ಅಪಾಯ ಹೆಚ್ಚು, ಯಾವ ಮಗು ಸೂಕ್ಷ್ಮ ಎಂದು ಮೊದಲೇ ತಿಳಿಯುವುದಿಲ್ಲ, ಆದ್ದರಿಂದ ಬೇಡ. ಇದರಲ್ಲಿ ಹೆದರಿಸುವ ಮಾತಿಲ್ಲ, ದೂಷಿಸುವ ಮಾತೂ ಇಲ್ಲ. ಬುದ್ಧಿಮಾಂದ್ಯಕ್ಕೆ ಇರುವ ಕಾರಣಗಳಲ್ಲಿ ಹಲವನ್ನು ನಾವು ತಡೆಯಲಾರೆವು. ಪೂರ್ತಿಯಾಗಿ ತಡೆಯಬಹುದಾದ ಈ ಒಂದನ್ನಾದರೂ ‘ಸ್ವಲ್ಪ’ ಎಂಬ ಅಳತೆಯಿಲ್ಲದ ಮಾತಿಗೆ ಒಪ್ಪಿಸಿಬಿಡಬಾರದು.